ಹೊಗೆಸೊಪ್ಪಿನ ಸುತ್ತ ಕೂತವರು

ನನ್ನ ಮಹಾಪ್ರಬಂಧದ ಹಳೆಯ ಪ್ರತಿಯನ್ನು ಈಚೆಗೆ ಕಪಾಟಿನಿಂದ ಇಳಿಸಿದಾಗ ಹದವಾದ ಹೊಗೆಸೊಪ್ಪಿನ ವಾಸನೆ ಬಂತು. ಹಾಗೆಂದು ನಾನು ಹೇಳುತ್ತೇನೆ. ನನ್ನ ಹೆಂಡತಿಗೆ ಬಂದದ್ದು ಜಿರಲೆಯ ವಾಸನೆ. ಯಾರ ಮೂಗನ್ನು ನಂಬಬೇಕೆಂದು ನೀವೇ ತೀರ್ಮಾನಿಸಿ. ನನ್ನ ನೆನಪು ನನಗೆ ಅನುಕೂಲವಾದ ಕಡೆಗೇ ವಾಲುತ್ತದೆಂದು ನನಗೆ ಬಹಳ ದಿನಗಳಿಂದ ಗುಮಾನಿ.

ಪ್ರಾಧ್ಯಾಪಕನಾಗಿ ಬಡ್ತಿ ಬೇಕಿದ್ದರೆ ನಾನು ಸಮಿತಿಯೊಂದರ ಮುಂದೆ ಕೂತು, ನನ್ನ ಸಂಶೋಧನೆಯಿಂದ ಸಮಾಜದ ಮೇಲೆ ಆದ ಪರಿಣಾಮವೇನೆಂದು ಹೇಳಬೇಕಿತ್ತು. ಇಷ್ಟು ವರ್ಷ ಯಾರೂ ಅದನ್ನು ಕೇಳಿರಲಿಲ್ಲ. ನಾನೂ ಕೇಳಿಕೊಳ್ಳದೆ ಕ್ಷೇಮವಾಗಿದ್ದೆ.

ನನ್ನ ವಿಷಯ ಬೆನ್ನುನೋವು. ಹುಣಸೂರು ಕಡೆಯ ಗುರುಪುರದ ಹತ್ತಿರದ ಹಳ್ಳಿಯಲ್ಲಿ ಹಸಿ ಹೊಗೆಸೊಪ್ಪನ್ನು ಬ್ಯಾರನ್ ಎಂಬ ಹದ ಮಾಡುವ ಗೂಡಿನ ಬಿಸಿಗೆ ಏರಿಸುವ ಮೊದಲು ಹೆಂಗಸರು ನೆಲದ ಮೇಲೆ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಾರೆ. ಅವರ ಬೆನ್ನಿಗಾಗಿ ನಾನೊಂದು ಮಣೆ ಮಾಡಿಸಿದೆ. ಅದರ ಎತ್ತರದ ಬಗ್ಗೆ ಇಡೀ ಒಂದು ಅಧ್ಯಾಯವಿದೆ. ಅದನ್ನು ಓದಿದವರು ಟೈಪಿಸ್ಟು ಮತ್ತು ಮಾರ್ಗದರ್ಶಕರು; ಮಾರ್ಗದರ್ಶಕರ ಬಗ್ಗೆ ಅನುಮಾನವಿದೆ.

ಪರಿಣಾಮ ಹುಡುಕಿಕೊಂಡು ಹುಣಸೂರಿನ ಬಸ್ಸು ಹತ್ತಿದೆ. ಹಳ್ಳಿಯಲ್ಲಿ ನನ್ನ ಮಣೆಗಳು ಬಳಕೆಯಲ್ಲಿದ್ದವು. ಒಂದರ ಮೇಲೆ ನೀರಿನ ಕ್ಯಾನು, ಇನ್ನೊಂದರ ಮೇಲೆ ಕಾವಿಗೆ ಕೂತ ಕೋಳಿ. ಕೋಳಿಗೆ ಬೆನ್ನುನೋವಿದ್ದಂತೆ ಕಾಣಲಿಲ್ಲ. ಹೆಂಗಸರು ಮಾತ್ರ ನೆಲದ ಮೇಲೇ ಇದ್ದರು.

ಆದರೆ ದುಂಡಗೆ ಕೂತಿದ್ದರು. ನನ್ನ ಎದೆ ಹಿಗ್ಗಿತು. ಮೊದಲು ಇವರು ಸಾಲಾಗಿ ಕೂರುತ್ತಿದ್ದರು. ಎಲ್ಲರ ಮಾತೂ ನನ್ನ ರೆಕಾರ್ಡರಿಗೆ ಸಿಗಲೆಂದು ದುಂಡಗೆ ಕೂರಿಸಿದವನು ನಾನೇ ಎಂದು ಸ್ಪಷ್ಟವಾಗಿ ನೆನಪಿತ್ತು. ಆಗ ಹೊಸ ಸೊಸೆಯಾಗಿದ್ದ ಜಯಮ್ಮ ಈಗ ಮನೆಯ ಯಜಮಾನಿ. ಅವಳನ್ನೇ ಕೇಳಿದೆ.

"ಇರ್ಬೋದು ಕಣ್ರೀ ಸಾ, ಯಾರಿಗ್ ಗ್ಯಾಪ್ಕ?" ಎಂದಳು.

ಅವಳ ಅತ್ತೆ ಪುಟ್ಟಮ್ಮನಿಗೆ ಕಿವಿ ಮಂದ. ನಮ್ಮ ತುಟಿಗಳನ್ನೇ ನೋಡುತ್ತಿದ್ದ ಮುದುಕಿ ಕಡ್ಡಿ ಕೆಳಗಿಟ್ಟಳು. "ನಂಗೆ ಎಲ್ರ ಮೊಕ ಕಾಣ್ಲಿ ಅಂತ ಇಂಗೆ ಕೂತಿದ್ದು ಕಣಪ್ಪ. ನೀನು ಬರಕ್ ಮುಂಚಿಂದ್ಲೂ ಇಂಗೇ. ನೀನೇ ಬಾಗ್ಲಲ್ಲಿ ಒಬ್ನೇ ಕೂತು ಏನೋ ಗೀಚ್ತಿದ್ದೆ. ಕರ್ದು ನಡೂಕೆ ಕೂರ್ಸ್ಕಂಡ್ವಿ."

ಎಲ್ಲರೂ ನಕ್ಕರು. ನನ್ನ ಮುಖ ನೋಡಿ ಜಯಮ್ಮನಿಗೆ ಕನಿಕರವಾಯಿತು. ಬಡ್ತಿಯ ವಿಷಯ ಹೇಳಿಸಿಕೊಂಡು, "ಅಷ್ಟೇ ತಾನೆ? ಅವರ ಕೈಲಿ ಫೋನ್ ಮಾಡ್ಸಿ. ನೀವೇ ಕೂರ್ಸಿದ್ದು ಅಂತ ಏಳ್ಬುಡ್ತೀನಿ" ಎಂದಳು. ಆಮೇಲೆ ತಡೆದು, "ಅದಿರ್ಲಿ ಸಾ, ನಮ್ಮಿಂದ ನಿಮ್ಗೇನಾದ್ರೂ ಆಯ್ತಾ?" ಎಂದು ಕೇಳಿದಳು.

ನಾನು ತರಗತಿಯಲ್ಲಿ ಬೆಂಚು ಸರಿಸಿ ವಿದ್ಯಾರ್ಥಿಗಳನ್ನು ದುಂಡಗೆ ಕೂರಿಸುತ್ತೇನೆ. ಆ ಬಗ್ಗೆ ಬೇರೆ ಊರುಗಳ ಕಾಲೇಜುಗಳಲ್ಲಿ ಭಾಷಣ ಬಿಗಿದಿದ್ದೇನೆ, ಹಾರ ಹಾಕಿಸಿಕೊಂಡಿದ್ದೇನೆ. ನನ್ನದೇ ಪದ್ಧತಿ ಎಂದುಕೊಂಡಿದ್ದೆ. ಮುದುಕಿಯ ನೆನಪೂ ತಪ್ಪಿರಬಹುದೆಂದು ವಾದಿಸಿಕೊಳ್ಳಲು ನೋಡಿದೆ. ಆದರೆ ಅವಳಿಗೆ ಬಡ್ತಿ ಬೇಕಿರಲಿಲ್ಲ.

ಸಮಿತಿಯ ಮುಂದೆ ಇದನ್ನೇ ಹೇಳಿದೆ. ಅಧ್ಯಕ್ಷರು ಕನ್ನಡಕ ತೆಗೆದು, "ಅಂದರೆ ಸಮಾಜದಿಂದ ನಿಮ್ಮ ಮೇಲೆ ಪರಿಣಾಮ. ನಾವು ಕೇಳಿದ್ದು ಅದರ ಉಲ್ಟಾ" ಎಂದರು. ಬಡ್ತಿ ಬರಲಿಲ್ಲ.

ನಿನ್ನೆ ಜಯಮ್ಮನ ಫೋನು. ವಿಷಯ ಕೇಳಿ, "ನಾನು ಏಳ್ದಂಗೆ ಕೇಳಿದ್ರೆ ಸಿಕ್ತಿತ್ತು. ಓಗ್ಲಿ ಬುಡಿ. ಭಾನ್ವಾರ ಸೊಪ್ಪು ಮುರೀತೀವಿ, ಕಟ್ಟಕ್ಕೆ ಜನ ಇಲ್ಲ. ಬತ್ತೀರಾ?" ಎಂದಳು.

"ನಾನು ಬಂದು ನಿಮಗೇನು ಪ್ರಯೋಜನ, ಜಯಮ್ಮ?"

"ಅದ್ನ ನಾವು ನೋಡ್ಕತೀವಿ. ನೀವು ಬನ್ನಿ."