ಪಕ್ಕದ ಮನೆಗೆ ಹೊರಟುಹೋದ ನಾನು

ನಾನು ಸದ್ಯಕ್ಕೆ ಊರಲ್ಲಿಲ್ಲ. ಇದನ್ನು ಬೆಂಗಳೂರಿನ ಹತ್ತಿರದ ವಿಜಯಪುರದ ನಮ್ಮ ಮನೆಯ ಜಗಲಿಯಲ್ಲೇ ಕೂತು ಬರೆಯುತ್ತಿದ್ದೇನೆ, ನಿಜ. ಆದರೂ ಶಾಸ್ತ್ರದ ಪ್ರಕಾರ ನಾನು ಹೊರಟು ಇಪ್ಪತ್ತೆರಡು ದಿನವಾಯಿತು.

ಹೋಗಬೇಕಾದದ್ದು ಕೇಪ್ ಟೌನಿಗೆ. ಬೆಂಗಳೂರಿನ ಕಾನ್ವೆಂಟಿನಲ್ಲಿ ಜಿಯಾಗ್ರಫಿ ಹೇಳುತ್ತಿದ್ದ ಸಿಸ್ಟರು ಮ್ಯಾಪಿನ ಮೇಲೆ ಆಫ್ರಿಕಾದ ಬುಡಕ್ಕೆ ಕೋಲು ಮುಟ್ಟಿಸಿ, "ಗರ್ಲ್ಸ್, ಹಿಯರ್ ದಿ ಲ್ಯಾಂಡ್ ಎಂಡ್ಸ್" ಎಂದ ದಿನದಿಂದ ನನಗೆ ಆ ಮುಗಿಯುವ ಜಾಗವನ್ನು ನೋಡುವ ಆಸೆ. ಮೋಡವನ್ನು ಮೇಜುಬಟ್ಟೆಯಂತೆ ಹಾಸಿಕೊಂಡ ಚಪ್ಪಟೆ ಬೆಟ್ಟ, ಕೆಳಗೆ ಸಮುದ್ರ, ಕಾರಿನಲ್ಲಿ ಒಂದು ಗಂಟೆ ಹೋದರೆ ವೈನ್ ಮಾಡುವವರ ದ್ರಾಕ್ಷಿ ಸೀಮೆ. ಅದೇ ಕಾನ್ವೆಂಟಿನ ಗೆಳತಿ ಫಿಲೋಮಿನಾ ಮತ್ತು ನಾನು ಎಪ್ಪತ್ಮೂರನೆಯ ವಯಸ್ಸಿನಲ್ಲಿ ಕೂತು ಹನ್ನೆರಡು ದಿನದ ಪ್ಲಾನ್ ಬರೆದೆವು. ಅವಳ ಪಟ್ಟಿಯಲ್ಲಿ ಪೆಂಗ್ವಿನ್ ಮೊದಲು, ನನ್ನದರಲ್ಲಿ ಮೊಣಕಾಲಿನ ಎಣ್ಣೆ.

ನಮ್ಮ ಯಜಮಾನರು ಬರುವುದಿಲ್ಲ ಎಂದರು. ನಮ್ಮದೂ ಎರಡು ಎಕರೆ ನೀಲಿ ದ್ರಾಕ್ಷಿ. "ದ್ರಾಕ್ಷಿ ನೋಡೋಕೆ ಸಮುದ್ರ ದಾಟ್ಬೇಕಾ? ಹಿತ್ಲಿಗೆ ಹೋಗಿ ಚಪ್ಪರದ ಕೆಳಗೆ ನಿಂತ್ಕೋ. ವೀಸಾನೂ ಬೇಡ" ಎಂದರು. ನಾನು ನಕ್ಕೆ. ಆದರೆ ಹೋದ ವರ್ಷ ಅದೇ ಚಪ್ಪರದ ಕೆಳಗೆ ಇವರು ತಲೆಸುತ್ತಿ ಬಿದ್ದಿದ್ದರು. ಅಂದಿನಿಂದ ಹೊತ್ತುಹೊತ್ತಿಗೆ ಮಾತ್ರೆ ಕೈಗಿಡುವವಳು ನಾನು. ಇವರನ್ನು ಹನ್ನೆರಡು ದಿನ ಬಿಟ್ಟು ಹೋಗಬಹುದೇ ಎಂದು ಯಾರನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ.

ಟಿಕೆಟ್ ಗುರುವಾರಕ್ಕೆ ಸಿಕ್ಕಿತ್ತು. ಪಕ್ಕದ ಮನೆಯ ಪಿಳ್ಳಮ್ಮ ಕ್ಯಾಲೆಂಡರ್ ನೋಡಿ ಬಾಯಿಗೆ ಸೆರಗು ಹಿಡಿದಳು. "ಗುರುವಾರ ದಕ್ಷಿಣಕ್ಕೆ ಶೂಲೆ ಅಕ್ಕಾ, ಆ ದಿಕ್ಕಿಗೆ ಹೊರಡ್ಬಾರ್ದು. ನಮ್ಮತ್ತೆ ಅವತ್ತು ಹೊಸೂರಿಗೂ ಹೋಗ್ತಿರ್ಲಿಲ್ಲ, ನೀವು ನೋಡಿದ್ರೆ ಭೂಮಿ ಕೊನೆಗೆ ಹೊರ್ಟಿದೀರಿ." ಪರಿಹಾರವನ್ನೂ ಅವಳೇ ಹೇಳಿದಳು: ಪರಸ್ಥಾನ. ಒಳ್ಳೆಯ ದಿನ ನೋಡಿ, ಪ್ರಯಾಣಕ್ಕೆ ಒಯ್ಯುವ ಒಂದು ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಗಂಟು ಹೊರಟರೆ ಮನುಷ್ಯ ಹೊರಟಂತೆಯೇ ಲೆಕ್ಕ. ಆಮೇಲೆ ಎಂದು ಹೋದರೂ ದೋಷವಿಲ್ಲ. ಆದರೆ ಗಂಟನ್ನು ಮನೆಗೆ ವಾಪಸು ತರುವಂತಿಲ್ಲ. ತಂದರೆ ಪ್ರಯಾಣ ಮುರಿಯಿತು.

ಹಿಂದೆ ರಾಜರು ದಂಡೆತ್ತಿ ಹೋಗುವಾಗಲೂ ಹೀಗೆಯೇ ಕತ್ತಿಯನ್ನೋ ಕೊಡೆಯನ್ನೋ ಮುಂದಾಗಿ ಕಳಿಸುತ್ತಿದ್ದರಂತೆ. ಕತ್ತಿ ಊರಾಚೆಯ ಗುಡಾರದಲ್ಲಿ, ರಾಜ ಅಂತಃಪುರದಲ್ಲಿ. ಆ ನಡುವಿನ ದಿನಗಳಲ್ಲಿ ರಾಣಿ ಯಾರ ಜೊತೆ ಕೂತು ಊಟ ಮಾಡಿದಳು ಎಂಬುದನ್ನು ಮಾತ್ರ ಯಾರೂ ಬರೆದಿಟ್ಟಂತಿಲ್ಲ.

ಆ ಗುರುವಾರದ ಹಿಂದಿನ ಸೋಮವಾರ ಒಂದು ವಾಯಿಲ್ ಸೀರೆ, ಪೌಡರ್ ಡಬ್ಬಿ, ಹಿಡಿ ಅಕ್ಕಿ ಇವಿಷ್ಟನ್ನು ಟವೆಲಿನಲ್ಲಿ ಕಟ್ಟಿ ಪಿಳ್ಳಮ್ಮನ ಒಳಕೋಣೆಯಲ್ಲಿಟ್ಟು ಬಂದೆ. ಎರಡು ದಿನ ಬಿಟ್ಟು ಏಜೆಂಟ್ ಫೋನ್ ಮಾಡಿ, ವೀಸಾ ಬಂದಿಲ್ಲ, ಪ್ರಯಾಣ ಮೂರು ವಾರ ಮುಂದಕ್ಕೆ ಎಂದ. ಗಂಟು ಅಲ್ಲೇ ಉಳಿಯಿತು.

ಮಾರನೆಯ ದಿನ ಸಂಜೆ ನಾಲ್ಕಕ್ಕೆ ಇವರು ಕಾಫಿ ಮಾಡಿಕೊಂಡು ಬಂದು ನನ್ನೆದುರಿಗೆ ಕೂತು ಕುಡಿದರು. ಒಂದೇ ಲೋಟ. ನಾನು ಕಾದೆ. ಇವರು ಲೋಟ ತೊಳೆದು ಬೋರಲು ಹಾಕಿದರು. "ನಂದು?" ಎಂದೆ. ಬೀಗ ಹಾಕಿದ ಮನೆಯೊಳಗಿಂದ ಮಾತು ಕೇಳಿಸಿದವರಂತೆ ತಿರುಗಿದರು. "ಓ, ಇದೀಯಾ" ಎಂದರು.

ವಯಸ್ಸಾಯಿತು, ಪಾಪ, ಎಂದುಕೊಂಡೆ. ಆದರೆ ಸೊಪ್ಪಿನವಳಿಗೆ ವಯಸ್ಸಾಗಿಲ್ಲ. ನಾನು ಮೆಟ್ಟಿಲ ಮೇಲೆ ನಿಂತಿದ್ದೇನೆ, ಅವಳು ಇವರಿಗೆ, "ಅಮ್ಮಾವ್ರು ಊರಿಂದ ಬಂದ್ಮೇಲೆ ಬರ್ತೀನಿ ಬಿಡಿ ಸ್ವಾಮಿ" ಎಂದು ಬುಟ್ಟಿ ಎತ್ತಿಕೊಂಡು ಹೋದಳು. ಇವರು "ಹ್ಞೂಂ" ಎಂದರು. ವಿಚಿತ್ರವೆಂದರೆ, ನಾನೂ ಅವಳನ್ನು ಕರೆಯದೆ ಒಳಗೆ ಹೋದೆ.

ಒಂದು ದಿನ ಪಿಳ್ಳಮ್ಮ ಕಾಂಪೌಂಡಿನ ಹತ್ತಿರ ಬಂದು ದನಿ ತಗ್ಗಿಸಿದಳು. "ಅಕ್ಕಾ, ನಗ್ಬಾರ್ದು. ನಿಮ್ ಗಂಟು ಬಂದಾಗಿಂದ ಮುದ್ದೆ ಒಂದು ಜಾಸ್ತಿ ಕಟ್ತಾ ಇದೀನಿ. ಕೈ ತಾನೇ ಕಟ್ಬಿಡುತ್ತೆ."

"ಮಿಕ್ಕಿದ್ದನ್ನ ಏನ್ಮಾಡ್ತೀಯೇ?"

"ಅದೇ ಅಕ್ಕಾ. ಮಿಕ್ತಾನೇ ಇಲ್ಲ."

ಸಿಲ್ಲಿ ಎಂದು ಬೈದು, ನೋಡಿಯೇಬಿಡೋಣ ಎಂದು ಹೋದೆ. ಅರ್ಧ ಮುಚ್ಚಿದ್ದ ಬಾಗಿಲನ್ನು ತಟ್ಟಿ, "ಎಕ್ಸ್‌ಕ್ಯೂಸ್ ಮಿ" ಎಂದೆ. ನನ್ನದೇ ಗಂಟಿಗೆ! ಕಾನ್ವೆಂಟಿನ ಪಾಠ ಎಲ್ಲಿ ಕೈಕೊಡುತ್ತದೆ ಹೇಳಲಾಗದು. ಕೋಣೆ ತುಂಬ ನನ್ನ ಪೌಡರಿನ ವಾಸನೆ. ಗಂಟಿನ ಪಕ್ಕದ ಚಾಪೆಯನ್ನು ಮುಟ್ಟಿದರೆ ಬೆಚ್ಚಗಿತ್ತು. ಬಿಸಿಲು ಬಿದ್ದಿರಬೇಕು ಎಂದುಕೊಂಡು ಬಂದೆ. ಆ ಕೋಣೆಗೆ ಕಿಟಕಿಯಿಲ್ಲ ಎಂಬುದು ಮನೆಗೆ ಬಂದ ಮೇಲೆ ನೆನಪಾಯಿತು.

ಸಾಕು ಎನಿಸಿತು. ಗಂಟು ತಂದುಬಿಡುತ್ತೇನೆ, ಕೇಪ್ ಟೌನೂ ಬೇಡ, ಪೆಂಗ್ವಿನೂ ಬೇಡ ಎಂದು ಇವರಿಗೆ ಹೇಳಲು ನಿನ್ನೆ ಸಂಜೆ ತೋಟಕ್ಕೆ ಹೋದೆ. ಬಳ್ಳಿ ಸವರಿ ಎರಡು ದಿನವಾಗಿತ್ತು. ಎಲೆಯಿಲ್ಲದ ಚಪ್ಪರ, ಕತ್ತರಿಸಿದ ತುದಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮಳೆಯಿಲ್ಲದೆ ತೋಟವೆಲ್ಲ ಟಪ್ ಟಪ್ ಎನ್ನುತ್ತಿತ್ತು. ಇವರು ನನಗೆ ಬೆನ್ನು ಮಾಡಿ ನಿಂತು ಮಾತಾಡುತ್ತಿದ್ದರು. ಕೈಯಲ್ಲಿ ಫೋನ್ ಇರಲಿಲ್ಲ.

"ಮಾತ್ರೆ ತಗೊಂಡೆ ಕಣೆ, ಎರಡು ಹೊತ್ತಿಂದೂ. ಆ ಕೆಂಪುದು ಗಂಟಲಲ್ಲಿ ಸಿಕ್ಕಾಕೊಳ್ಳುತ್ತೆ, ನಿಂಗೆ ಹೇಳಿರ್ಲಿಲ್ಲ. ಹೋದ್ವರ್ಷ ಇಲ್ಲಿ ಬಿದ್ನಲ್ಲ, ಬಹಳ ಭಯ ಆಗ್ಬಿಟ್ಟಿತ್ತು. ಬೈತೀಯ ಅಂತ ಸುಮ್ನಿದ್ದೆ." ತಲೆಯ ಮೇಲೆ ಒಂದು ವಿಮಾನ ಇಳಿಯುತ್ತ ಹೋಯಿತು. ಅದರ ಸದ್ದು ಅಡಗುವವರೆಗೆ ಕಾದು ಕೇಳಿದರು, "ಸಮುದ್ರ ಹೆಂಗಿದೆ?"

ಕಿವಿಗೊಟ್ಟು ನಿಂತರು. ಆಮೇಲೆ ತಲೆಯಾಡಿಸಿದರು.

"ಹೌದಾ? ಅಷ್ಟು ತಣ್ಣಗಾ?"

ಅಲ್ಲಿನ ನೀರು ಕಾಲಿಡಲಾಗದಷ್ಟು ತಣ್ಣಗೆ ಎಂದು ಫಿಲೋಮಿನಾ ನನಗೆ ಓದಿ ಹೇಳಿದ್ದಳು. ನಾನು ಇವರಿಗೆ ಹೇಳಿದ ನೆನಪಿಲ್ಲ. ಹೆದರಿಕೆಯಾಯಿತು. ಅದರ ಹಿಂದೆಯೇ, ಹೇಳಿಕೊಳ್ಳಲು ನಾಚಿಕೆ, ಹೊಟ್ಟೆಕಿಚ್ಚು ಬಂತು. ನಲವತ್ತೊಂಬತ್ತು ವರ್ಷ ಎದುರಿಗಿದ್ದವಳಿಗೆ "ಉಪ್ಪು ಸಾಲದು" ಬಿಟ್ಟರೆ ಹೆಚ್ಚು ಮಾತು ಸಿಗಲಿಲ್ಲ, ಹೊರಟುಹೋದವಳಿಗೆ ಇಷ್ಟೆಲ್ಲ. ಸದ್ದು ಮಾಡದೆ ಹಿಂದಿರುಗಿದೆ. ಗಂಟು ಹೋದಂದಿನಿಂದ ಇವರೇ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳನ್ನು ಎಣಿಸಿ ನೋಡಿದೆ. ಒಂದೂ ತಪ್ಪಿರಲಿಲ್ಲ. ಗಂಟು ತರಲು ಹೋಗಲಿಲ್ಲ.

ಇಂದು ಬೆಳಿಗ್ಗೆ ವೀಸಾ ಬಂತು. ಇವರು ಅಟ್ಟದಿಂದ ಸೂಟ್‌ಕೇಸ್ ಇಳಿಸಿಕೊಡುತ್ತ, "ಅಲ್ಲಿಂದ ಫೋನ್ ಮಾಡ್ತೀಯ ತಾನೆ?" ಎಂದರು.

"ನಾನ್ ಮಾಡಲ್ಲ, ನೀವೇ ಮಾಡಿ. ತೋಟದಲ್ಲಿ ನಿಂತ್ಕೊಂಡು ಮಾಡಿ, ಅಲ್ಲಿ ಚೆನ್ನಾಗಿ ಕೇಳ್ಸುತ್ತೆ" ಎಂದೆ. ಇವರು ಸೂಟ್‌ಕೇಸಿನ ಧೂಳನ್ನು ಬಹಳ ಹೊತ್ತು ಒರೆಸಿದರು.

ನಾಡಿದ್ದು ಹೊರಡುತ್ತೇನೆ. ಆ ಹೆಂಗಸು ನನಗಿಂತ ಮೂರು ವಾರ ಮುಂದಿದ್ದಾಳೆ. ಬೇಗ ಹೋಗಿ ಅವಳನ್ನು ಹಿಡಿಯಬೇಕು. ಗಂಡನ ಮಾತನ್ನು ಇನ್ನೊಬ್ಬಳ ಜೊತೆ ಹಂಚಿಕೊಳ್ಳುವಷ್ಟು ದೊಡ್ಡ ಮನಸ್ಸು, ಆ ಇನ್ನೊಬ್ಬಳು ನಾನೇ ಆದರೂ, ಈ ವಯಸ್ಸಿಗೂ ನನಗೆ ಬಂದಿಲ್ಲ.