ಮಸೀದಿಗೆ ಚೀಲ ಹೊತ್ತ ಮಹದೇವು

ಮಹದೇವು ತೀರಿಕೊಂಡ ಮೇಲೂ ಮಸೀದಿಗೆ ಚೀಲ ಹೊತ್ತುಕೊಂಡು ಹೋಗುತ್ತಲೇ ಇದ್ದಾನೆ, ಜನರ ಮೊಬೈಲಿನಲ್ಲಿ. ಹೋದ ವಾರ ಕೂಡ ಮಂಡ್ಯದ ಯಾವುದೋ ಗುಂಪಿನಿಂದ ಮಳವಳ್ಳಿಯ ಯಾವುದೋ ಗುಂಪಿಗೆ ಆ ವಿಡಿಯೋ ಬಂದಿಳಿಯಿತು, ಅಂದೇ ನಡೆದ ಸುದ್ದಿ ಎಂಬಂತೆ. ಕೆಂಪು ಗೆರೆಯ ವೃತ್ತ, ಅದರತ್ತ ಒಂದು ಬಾಣ, ಹಿನ್ನೆಲೆಯಲ್ಲಿ ಆಂಬುಲೆನ್ಸು ಓಡಿದಂಥ ಸದ್ದು. ವೃತ್ತದ ಒಳಗೆ ಎಡಭುಜ ತಗ್ಗಿಸಿಕೊಂಡು, ಬಲಭುಜದ ಮೇಲೆ ಉದ್ದನೆಯ ಗೋಣಿಗಂಟು ಹೊತ್ತು ನಡೆಯುವ ಮನುಷ್ಯ. ಬದುಕಿದ್ದಾಗ ಅವನ ಮಾತು ಕೇಳದ ಜನ, ಸತ್ತ ಮೇಲೂ ಅವನನ್ನು ಅವನ ಪಾಡಿಗೆ ಬಿಡುತ್ತಿಲ್ಲ.

ಮಹದೇವು ಮಳವಳ್ಳಿಯಲ್ಲಿ ಮೈಕ್ ಸೆಟ್ ಇಟ್ಟುಕೊಂಡಿದ್ದವನು. ಹುಟ್ಟಿದ್ದು ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿ, ಭತ್ತ ಕಬ್ಬು ಬೆಳೆಯುವವರ ಮನೆಯಲ್ಲಿ. ಅವನಿಗೆ ನಡೆಯಲು ಬರುವ ಮೊದಲೇ ತಾಯಿ ತೀರಿಹೋದಳು. ಅಕ್ಕ ಹೊಂಬಾಳಮ್ಮ ಸೊಂಟದ ಮೇಲೆ ಹೊತ್ತು ಸಾಕಿದಳು; ಅದೇ ಊರಿಗೆ ಮದುವೆಯಾದಾಗ ತಮ್ಮನನ್ನೂ ಜೊತೆಗೇ ಕರೆದುಕೊಂಡು ಹೋದಳು. ಅವನು ಮದುವೆಯಾಗಲಿಲ್ಲ. ಊರವರ ಮದುವೆಗೆಲ್ಲ ಮೈಕು ಕಟ್ಟಿ ಕಟ್ಟಿ ಆ ಗದ್ದಲವೇ ಸಾಕಾಗಿದೆ ಅನ್ನುತ್ತಿದ್ದ. ಮಳವಳ್ಳಿಯ ಅಂಗಡಿಯ ಹಿಂದೆ ಒಂದು ಚಾಪೆ, ಒಂದು ಸ್ಟೌವು. ಮನೆ ಅಂತ ಅವನಿಗಿದ್ದದ್ದು ಅಕ್ಕನ ಮನೆ ಒಂದೇ.

ಆಂಪ್ಲಿಫೈಯರಿನ ಪೆಟ್ಟಿಗೆ ಎಡಗೈಯಲ್ಲಿ ಎತ್ತಿ ಎತ್ತಿ ಅವನ ಎಡಭುಜ ಶಾಶ್ವತವಾಗಿ ಇಳಿದುಹೋಗಿತ್ತು. ಬೀದಿಯ ಆ ತುದಿಯಲ್ಲಿ ಬಂದರೆ ಈ ತುದಿಯವರು ಗುರುತು ಹಿಡಿಯುತ್ತಿದ್ದರು. ಸಿಡುಕಿನವನು. ಭಾಷಣಕ್ಕೆ ನಿಂತವರು ಮೈಕಿಗೆ ಬೆರಳಲ್ಲಿ ಕುಟ್ಟಿದರೆ, ಊದಿದರೆ, ವೇದಿಕೆಯ ಪಕ್ಕದಿಂದಲೇ ಕೂಗುತ್ತಿದ್ದ: "ಊದಬ್ಯಾಡ ಕಣಯ್ಯ, ಅದೇನು ಒಲೆನಾ?" ಮಾರಿಗುಡಿಯ ಭಜನೆ, ಸಂಘದ ಸಭೆ, ತಿಥಿ, ಮದುವೆ ಎಲ್ಲಕ್ಕೂ ಅವನೇ. ಸಂತೆ ಬೀದಿಯ ಹಿಂದಿನ ಸಣ್ಣ ಮಸೀದಿಯ ಆಂಪ್ಲಿಫೈಯರೂ ಅವನದೇ ಕೈಯಲ್ಲಿತ್ತು. ಅದರೊಳಗೆ ಒಂದು ಗುಂಯ್ ಎನ್ನುವ ಸದ್ದು ಸೇರಿಕೊಂಡಿತ್ತು. ಏನು ಮಾಡಿದರೂ ಹೋಗದು. ಅದನ್ನು ಅವನು ತನ್ನ ಮರ್ಯಾದೆಯ ಪ್ರಶ್ನೆ ಅಂದುಕೊಂಡಿದ್ದ.

ಮಸೀದಿಯ ಮಹಡಿಯಲ್ಲಿ ಹಾರ್ನ್ ಸ್ಪೀಕರುಗಳನ್ನು ಕಟ್ಟಿದ್ದ ಕಬ್ಬಿಣದ ಕಂಬ ತುಕ್ಕು ಹಿಡಿದಿತ್ತು. ಬಾಂಗು ಕೂಗುವ ಜಬೀವುಲ್ಲಾ ಬಂದು, "ಮಾದೇವಣ್ಣ, ಗಾಳಿ ಬಂದ್ರೆ ಯಾರದಾದ್ರೂ ತಲೆ ಮೇಲೆ ಬೀಳ್ತದೆ" ಅಂದ. ಮಹದೇವು ಹೊಸ ಪೈಪು ತಂದ, ಬಣ್ಣ ಬಳಿದ, ಬಣ್ಣ ಕೆರೆದುಹೋಗದಿರಲಿ ಎಂದು ಹಳೆಯ ಗೋಣಿಚೀಲಗಳನ್ನು ಬಿಚ್ಚಿ ಸುತ್ತಿ ಹಗ್ಗ ಬಿಗಿದ. ಅವತ್ತು ಹಗಲೆಲ್ಲ ಹತ್ತಿರದ ಬ್ಲಫ್ ಎಂಬ ಊರಿನಲ್ಲಿ ಮದುವೆ ಕೆಲಸ. ಹಾಗಾಗಿ ಬೆಳಗಿನ ನಮಾಜು ಮುಗಿದು ಜನ ಚದುರಿದ ಮೇಲೆ ಪೈಪು ಹೊತ್ತು ಮಸೀದಿಯ ಪಕ್ಕದ ಬಾಗಿಲಿಂದ ಒಳಗೆ ಹೋದ. ಎದುರು ಮಹಡಿಯಿಂದ ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು.

ಸಂಜೆ ಬ್ಲಫಿನಿಂದ ವಾಪಸು ಬರುವ ಹೊತ್ತಿಗೆ ಅದು ಊರೆಲ್ಲ ಸುತ್ತಿತ್ತು. ಮಾರನೆಯ ದಿನ ಒಂದು ಟೀವಿ ಚಾನೆಲ್ಲು ಅದನ್ನೇ ಎತ್ತಿಕೊಂಡು, ಸೂಟು ಹಾಕಿದ ಒಬ್ಬನನ್ನು ನಿಲ್ಲಿಸಿ ಪ್ರಶ್ನೆ ಕೇಳಿಸಿತು. ಚೀಲದಲ್ಲಿ ಇದ್ದದ್ದೇನು? ಹೊತ್ತೊಯ್ದ ಆಗಂತುಕ ಯಾರು? ಮಸೀದಿಯೊಳಗೆ ನಡೆಯುತ್ತಿರುವುದೇನು? ಅರ್ಧ ಗಂಟೆ ಪ್ರಶ್ನೆಯೇ. ಒಬ್ಬನೂ ಮಳವಳ್ಳಿಗೆ ಬಂದು ಕೇಳಲಿಲ್ಲ.

ಮಹದೇವು ಮೊದಲು ನಕ್ಕ. ಹೋಟೆಲಿನ ರವಿಚಂದ್ರನ ಹತ್ತಿರ ಕಾಫಿಗೆ ಕೂತಾಗ ಆ ನಗು ನಿಂತಿತು.

"ನೋಡ್ದೇನ್ಲಾ? ನಮ್ಮೂರು ಟೀವೀಲಿ ಬಂದೈತೆ."

"ಅದು ನಾನೇ ಕಣ್ಲಾ."

"ನೀನೇ ಅಂತ ನಂಗೂ ಗೊತ್ತಾಯ್ತು. ಆ ವಾಲಾಟ ಇನ್ಯಾರ್ಗೈತೆ? ಆದ್ರೂ ಚೀಲದೊಳಗೆ ಏನಿತ್ತೋ, ಯಾರಿಗ್ಗೊತ್ತು?"

"ನಂಗೊತ್ತು ಕಣ್ಲಾ. ಪೈಪು."

"ಪೈಪು ಅಂತೇಳಿ ನಿನ್ನ ಕೈಗೆ ಕೊಟ್ಟಿರ್ತಾರೆ."

"ಯಾರ್ಲಾ ಕೊಡೋರು? ಅಂಗಡೀಲಿ ತಕ್ಕಂಡೋನು ನಾನು, ಬಣ್ಣ ಬಳ್ದೋನು ನಾನು, ಹೊತ್ಕಂಡೋದೋನು ನಾನು."

"ಕ್ವಾಪ ಯಾಕ್ಲಾ? ಬೆಂಕಿ ಇಲ್ದೆ ಇದ್ರೆ ಅಷ್ಟು ದೊಡ್ಡ ಟೀವಿಯೋರು ಸುಮ್ಕೆ ತೋರ್ಸಾರಾ?"

ಮಹದೇವು ಕಾಫಿ ಅರ್ಧಕ್ಕೆ ಬಿಟ್ಟು ಎದ್ದ. ಆಮೇಲೆ ಸಿಕ್ಕವರಿಗೆಲ್ಲ ಇದೇ ಮಾತು. ಕೆಲವರು ಅವನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, "ನಿಜ ಹೇಳು, ಒಳಗೆ ಏನೇನೈತೆ?" ಅನ್ನುವರು.

"ಗಡಿಯಾರ ಐತೆ. ಗೋಡೆ ತುಂಬ ಗಡಿಯಾರ. ಒಂದಕ್ಕೊಂದು ತಾಳ ಇಲ್ಲ."

"ಅದಲ್ಲ ಕಣ್ಲಾ. ಬ್ಯಾರೆ?"

"ಚಾಪೆ ಐತೆ. ಫ್ಯಾನೈತೆ, ಒಂದು ತಿರುಗಲ್ಲ."

ಜನರಿಗೆ ಅದು ಬೇಕಿರಲಿಲ್ಲ. ಅವನು ಏನೋ ಮುಚ್ಚಿಡುತ್ತಿದ್ದಾನೆ ಅಂದುಕೊಂಡೇ ಹೋಗುತ್ತಿದ್ದರು. ಚಾನೆಲ್ಲಿಗೆ ಫೋನು ಮಾಡಿದ. ಎತ್ತಿದ ಹುಡುಗಿ ಬಹಳ ಮೃದುವಾಗಿ, "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಸರ್" ಅಂದಳು. ತಾನು ಹೊತ್ತ ಪೈಪು ಅಭಿಪ್ರಾಯ ಹೇಗಾಯಿತು ಎಂದು ಅವನು ಕೇಳುವಷ್ಟರಲ್ಲಿ ಫೋನು ಇಟ್ಟಿದ್ದಳು.

ಇದೆಲ್ಲ ಅವನು ತಡೆದುಕೊಳ್ಳುತ್ತಿದ್ದ. ತಡೆಯಲಾಗದ್ದು ಕೊಪ್ಪದಿಂದ ಬಂತು. ಹೊಂಬಾಳಮ್ಮನ ಮನೆಯಲ್ಲಿ ಟೀವಿ ಬೆಳಗಿಂದ ಓಡುತ್ತಲೇ ಇರುತ್ತಿತ್ತು. ಅವರೆಕಾಯಿ ಬಿಡಿಸುವಾಗ, ರಾಗಿ ಕೇರುವಾಗ, ಕಣ್ಣು ಮೊರದ ಮೇಲಿದ್ದರೂ ಕಿವಿ ಅತ್ತಲೇ. ಆಕೆ ತಮ್ಮನನ್ನು ಗುರುತು ಹಿಡಿದಿದ್ದಳು. ಫೋನು ಮಾಡಿದಳು.

"ನೀನಂತೆ ಅದು?"

"ನಾನೇ ಕಣಕ್ಕ. ಪೈಪು ಒಯ್ತಿದ್ದೆ."

"ಪೈಪಂತೆ. ಆ ಟೀವಿಯವ್ರು ಓದ್ದೋರು, ಅವ್ರಿಗೆ ತಲೆ ಕೆಟ್ಟೈತಾ? ಅವರ ಸವಾಸ ಬುಟ್ಟು ಬಾ. ಬುಡೋಗಂಟ ನಮ್ಮಟ್ಟಿ ಬಾಗ್ಲಿಗೆ ಬರಬ್ಯಾಡ. ಮಾರ್ಲಮಿಗೂ ಬರಬ್ಯಾಡ."

ಮಾರ್ಲಮಿ ಎಂದರೆ ಮಹಾಲಯ ಅಮಾವಾಸ್ಯೆ, ಸತ್ತ ಹಿರಿಯರಿಗೆ ಎಡೆ ಇಡುವ ದಿನ. ಪ್ರತಿ ವರ್ಷ ತಾಯಿಯ ಸೀರೆಯ ಮುಂದೆ ಎಡೆ ಇಟ್ಟು, ಸತ್ತವರು ಬಂದು ಉಣ್ಣಲಿ ಎಂದು ಬಾಗಿಲು ಮುಂದಕ್ಕೆಳೆದು, ಅಕ್ಕ ತಮ್ಮ ಇಬ್ಬರೂ ಜಗುಲಿಯಲ್ಲಿ ಮಾತಾಡದೆ ಕೂರುತ್ತಿದ್ದರು. ತಾಯಿಯ ಮುಖ ನೆನಪಿಲ್ಲದ ಮಹದೇವುಗೆ ತಾಯಿ ಎಂದರೆ ಆ ಜಗುಲಿ. ಅದೂ ಹೋಯಿತೆಂದರೆ ಅವನಿಗೆ ಉಳಿಯುವುದು ಅಂಗಡಿ ಹಿಂದಿನ ಚಾಪೆ. ಆದರೆ ಮಸೀದಿಯ ಕೆಲಸ ಬಿಟ್ಟರೆ ಟೀವಿ ಹೇಳಿದ್ದು ನಿಜ ಎಂದು ತಾನೇ ಒಪ್ಪಿದಂತೆ.

ಮಸೀದಿಯವರೂ ಬೇಸತ್ತಿದ್ದರು. 'ಮಸೀದಿ ನೋಡ ಬನ್ನಿ, ಎಲ್ಲರಿಗೂ ಸ್ವಾಗತ' ಎಂದು ಬ್ಯಾನರು ಕಟ್ಟಿ ಒಂದು ಭಾನುವಾರ ಗೊತ್ತುಮಾಡಿದರು. ಮಹದೇವು ಆ ಬೆಳಿಗ್ಗೆ ಮೈಕು ಕಟ್ಟಿಟ್ಟು, ಸೀದಾ ಕೊಪ್ಪದ ಬಸ್ಸು ಹತ್ತಿದ. ಅಕ್ಕನ ಬಾಗಿಲ ಹೊರಗೇ ನಿಂತು ಹೇಳಿದ:

"ಒಳಕ್ಕೆ ಬರಲ್ಲ. ನೀನು ಹೊರಡು. ನಿನ್ನ ಕಣ್ಣಲ್ಲಿ ನೋಡು. ಆಮೇಲೂ ಬ್ಯಾಡ ಅಂದ್ರೆ ಈ ಕಡೀಕೆ ತಲೆ ಹಾಕಲ್ಲ."

"ನಂಗೇನ್ಲಾ ಅಲ್ಲಿ ಕೆಲ್ಸ?"

"ಟೀವೀಲಿ ದಿನಾ ನೋಡ್ತೀಯಲ್ಲ, ಅದೇ ಕೆಲ್ಸ."

ಹೊಂಬಾಳಮ್ಮ ಬೈದುಕೊಳ್ಳುತ್ತಲೇ ಸೀರೆ ಬದಲಿಸಿದಳು. ವೈರ್ ಬ್ಯಾಗಿನಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಊದುಬತ್ತಿ ಇಟ್ಟುಕೊಂಡಳು. ಮಹದೇವು ಅದೆಲ್ಲ ಬೇಡವೆಂದಾಗ, "ಯಾವ ದ್ಯಾವರಾದ್ರೂ ಸೈ, ಬರಿಗೈಲಿ ಓಯ್ತಾರೇನ್ಲಾ?" ಅಂದಳು. ಮದ್ದೂರಿನಲ್ಲಿ ಬಸ್ಸು ಬದಲಿಸಿ ಮಳವಳ್ಳಿ ಮುಟ್ಟಿದರು.

ಮಸೀದಿಯಲ್ಲಿ ಜನ ಹೆಚ್ಚಿರಲಿಲ್ಲ. ಬಂದವರಲ್ಲೂ ಕೆಲವರು ಮೊದಲು ಉಗ್ರಾಣದ ಕಡೆಗೇ ಇಣುಕುತ್ತಿದ್ದರು. ಜಬೀವುಲ್ಲಾ ಓಡಿಬಂದು, "ಬನ್ನಿ ಅಕ್ಕ, ಬನ್ನಿ. ಕೈಕಾಲು ತೊಳ್ಕೊಂಡು ಒಳಗೆ ಬನ್ನಿ" ಅಂದ. ನಲ್ಲಿಯ ಹತ್ತಿರ ಹೊಂಬಾಳಮ್ಮ ಸಾವಧಾನವಾಗಿ ಕಾಲು ತೊಳೆದಳು. ಅದೊಂದು ಅವಳಿಗೆ ಸರಿ ಕಂಡಿತು. ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋಗಿ ನಿಂತಳು. ಸುತ್ತ ನೋಡಿದಳು.

"ದ್ಯಾವ್ರು ಎಲ್ಲೈತಪ್ಪ?"

"ನಮ್ಮಲ್ಲಿ ಮೂರ್ತಿ ಇಲ್ಲ ಅಕ್ಕ. ಆ ಗೋಡೆ ಕಡೆ ಮುಖ ಮಾಡಿ ನಿಂತ್ಕೋತೀವಿ."

"ಬರೀ ಗೋಡೆನಾ?"

"ಗೋಡೆಗಲ್ಲ ಅಕ್ಕ. ಮೆಕ್ಕಾ ಆ ದಿಕ್ಕಿಗಿದೆ."

"ಈ ಗಡಿಯಾರವೆಲ್ಲ ಯಾಕೆ ಕೆಟ್ಟೋಗವೆ?"

"ಕೆಟ್ಟಿಲ್ಲ. ಒಂದೊಂದು ನಮಾಜಿನ ಹೊತ್ತು ಒಂದೊಂದರಲ್ಲಿ ಇಟ್ಟಿರ್ತೀವಿ. ಓಡೋದು ಮಧ್ಯದ್ದು ಒಂದೇ."

ಹೊಂಬಾಳಮ್ಮ ತಮ್ಮನ ಕಡೆ ತಿರುಗಿದಳು. ಅವಳ ಮುಖದಲ್ಲಿದ್ದದ್ದು ಭಕ್ತಿಯೂ ಅಲ್ಲ, ಭಯವೂ ಅಲ್ಲ. ಊಟಕ್ಕೆ ಕರೆದು ಬರಿ ನೀರು ಕೊಟ್ಟರೆ ಬರುವಂಥ ಸಿಟ್ಟು. "ಇಷ್ಟೇನಾ?" ಅಂದಳು. ವೈರ್ ಬ್ಯಾಗಿನಿಂದ ಕಾಯಿ ತೆಗೆದು ಜಬೀವುಲ್ಲಾನ ಕೈಗೆ ಕೊಟ್ಟಳು. ಅವನು ಅದನ್ನು ಹಿಡಿದುಕೊಂಡು ಮಹದೇವುವಿನ ಮುಖ ನೋಡಿದ.

"ಇಲ್ಲಿ ಒಡೆಯೋ ರೂಢಿ ಇಲ್ಲ ಅಕ್ಕ. ಮನೆಗೆ ತಗೊಂಡೋಗಿ ಚಟ್ನಿ ಮಾಡಿಸ್ಲಾ?"

"ದ್ಯಾವ್ರ ಕಾಯಿನ ಚಟ್ನಿ ಮಾಡಾರಾ?" ಅಂದವಳು ಸ್ವಲ್ಪ ಯೋಚಿಸಿ, "ಮಾಡುಸ್ಕೊ ಹೋಗು. ಒಳ್ಳೆ ಕಾಯಿ. ವ್ಯರ್ಥ ಮಾಡಬ್ಯಾಡ" ಅಂದಳು.

ಮಹದೇವು ಅಕ್ಕನನ್ನು ಉಗ್ರಾಣಕ್ಕೂ ಕರೆದುಕೊಂಡು ಹೋದ. ಸುತ್ತಿಟ್ಟ ಚಾಪೆ, ಪೊರಕೆ, ಹೆಣ ಹೊರುವ ಮಂಚ, ತೆಗೆದುಹಾಕಿದ ತುಕ್ಕಿನ ಕಂಬ. "ಇದು ಹಳೇದು. ಹೊಸದು ಮೇಲೈತೆ. ಹತ್ತಿ ನೋಡ್ತೀಯಾ?" ಅಂದ. ಮಂಡಿ ನೋವಿನವಳು ಎಲ್ಲಿ ಹತ್ತಿಯಾಳು. ಪೈಪು ಇದ್ದರೇನು, ಅವತ್ತು ಚೀಲದಲ್ಲಿದ್ದದ್ದು ಅದೇ ಅನ್ನುವುದಕ್ಕೆ ಏನು ಖಾತರಿ ಎಂಬ ರವಿಚಂದ್ರನ ಪ್ರಶ್ನೆಯೇ ಅವಳ ಮುಖದಲ್ಲೂ ಇತ್ತು. ಮಹದೇವು ಸೋತುಹೋದ. ಕರೆದುಕೊಂಡು ಬಂದದ್ದೇ ದಂಡ ಅನ್ನಿಸಿತು.

ಹೊರಗೆ ಬರುವಾಗ ನಲ್ಲಿಯ ನೀರು ಮೆಟ್ಟಿಲಿಗೆ ಹರಿದಿತ್ತು. ಹೊಂಬಾಳಮ್ಮ ಒದ್ದೆ ಕಾಲನ್ನು ಅಲ್ಲಿ ಹಾಸಿದ್ದ ಗೋಣಿಗೆ ಒರೆಸಲು ಹೋಗಿ, ಎತ್ತಿದ ಕಾಲು ಹಾಗೇ ನಿಲ್ಲಿಸಿದಳು. ಬಗ್ಗಿ ಗೋಣಿಯನ್ನು ಎತ್ತಿಕೊಂಡಳು. ಅದರ ಮೂಲೆಯಲ್ಲಿ ಹರಿದ ಕಡೆ ಹಳೆಯ ಲುಂಗಿಯ ತುಂಡು ಹಚ್ಚಿ, ಗೊಬ್ಬರದ ಮೂಟೆಯ ನೀಲಿ ದಾರದಲ್ಲಿ ಹೊಲಿದಿತ್ತು. ಹೊಲಿಗೆ ಹೋಗಿ ಬಂದು ಅಡ್ಡಡ್ಡ ಹಾಯ್ದಿತ್ತು, ಹೊಂಬಾಳಮ್ಮ ಮನೆಯ ಪ್ರತಿ ಚೀಲಕ್ಕೂ ಹಾಕುವ ಹಾಗೆ.

"ಇದು ನನ್ನ ಕೈ ಹೊಲಿಗೆ. ನಾನು ನಿಂಗೆ ರಾಗಿ ತುಂಬಿ ಕಳ್ಸಿದ್ದ ಚೀಲ."

ಮಹದೇವು ನೋಡಿದ. "ಇರ್ಬೋದು ಕಣಕ್ಕ. ಪೈಪಿಗೆ ಸುತ್ತಿದ್ದೆ. ಬಿಚ್ಚಿ ಇಲ್ಲೇ ಬುಟ್ಟೋದೆ."

"ಉಣ್ಣೋ ರಾಗಿ ಚೀಲನ ಕಾಲೊರ್ಸಕ್ಕೆ ಹಾಕಿದ್ದೀಯಲ್ಲೋ, ನಿನ್ನ ಮಕಕ್ಕಿಷ್ಟು." ಅವನ ತೋಳಿಗೆ ಒಂದು ಏಟು ಕೊಟ್ಟಳು. ಆಮೇಲೆ, "ಆ ವಿಡಿಯೋ ತೋರ್ಸು" ಅಂದಳು.

ಅವನು ಮೊಬೈಲಿನಲ್ಲಿ ಹಾಕಿ ತೋರಿಸಿದ. ಕೆಂಪು ವೃತ್ತದ ನಡುವೆ, ಗಂಟಿನ ಮೇಲ್ಭಾಗದಲ್ಲೇ, ಲುಂಗಿಯ ತೇಪೆಯೂ ನೀಲಿ ದಾರವೂ ಎದ್ದು ಕಾಣುತ್ತಿದ್ದವು. ಆ ಬಾಣ ನೇರವಾಗಿ ಅದಕ್ಕೇ ಗುರಿ ಇಟ್ಟಿತ್ತು. ಹೊಂಬಾಳಮ್ಮ ತನ್ನ ಮನೆಯ ದೊಡ್ಡ ಪರದೆಯಲ್ಲಿ ಅದನ್ನು ಎಷ್ಟೋ ಸಲ ನೋಡಿದ್ದಳು. ತೇಪೆ ಕಂಡಿರಲಿಲ್ಲ, ಸೂಟಿನವನು ಹೇಳಿದ್ದೇ ಕಂಡಿತ್ತು.

ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದರು. ಮದ್ದೂರಿನ ಬಸ್ಸು ಬಂದು ನಿಂತಾಗ ಹೊಂಬಾಳಮ್ಮ ಹೇಳಿದಳು:

"ನನ್ನ ಚೀಲದ ಇಸ್ಯದಲ್ಲೇ ಇಂಗೆ ಯಾಮಾರಿಸ್ತಾರೆ ಅಂದ್ರೆ, ನಾನು ಕಣ್ಣಲ್ಲೂ ಕಾಣದ ಊರುಗಳ ಇಸ್ಯ ಇನ್ನೆಂಗ್ ಹೇಳಿರ್ಬೇಕು ಅವ್ರು?"

ಮಹದೇವು ಅವಳ ವೈರ್ ಬ್ಯಾಗು ಎತ್ತಿ ಬಸ್ಸಿನ ಮೆಟ್ಟಿಲ ಮೇಲಿಟ್ಟ.

"ಮಾರ್ಲಮಿಗೆ ಬೇಗ ಬಂದ್ಬುಡು. ಬಾಳೆಎಲೆ ತತ್ತಾ" ಅಂದು ಹತ್ತಿದಳು.

ಆ ಮಾರ್ಲಮಿಗೆ ಮಹದೇವು ಹೋದ. ಜಗುಲಿಯಲ್ಲಿ ಕೂತ. ಮುಂದಿನ ಬೇಸಿಗೆಯಲ್ಲಿ, ಒಂದು ಮದುವೆ ಮುಗಿದು ಕೇಬಲ್ಲು ಸುತ್ತುತ್ತಿದ್ದಾಗ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟಲಿಲ್ಲ. ಕೊಪ್ಪದ ಹೊಲದಲ್ಲಿ ಮಣ್ಣು ಮಾಡಿದರು. ಜಬೀವುಲ್ಲಾ ಬಂದು ಒಂದು ಹಿಡಿ ಮಣ್ಣು ಹಾಕಿ, ಆ ಗುಂಯ್ ಸದ್ದು ಇನ್ನೂ ಹೋಗಿಲ್ಲ ಎಂದು ಯಾರಿಗೋ ಹೇಳುತ್ತ ಅತ್ತ. ಹಿಂದೆ ನಿಂತಿದ್ದ ರವಿಚಂದ್ರ ಪಕ್ಕದವನಿಗೆ, "ಆ ವಿಡಿಯೋದಲ್ಲಿದ್ದೋನು ಇವನೇ. ಚೀಲದಲ್ಲೇನಿತ್ತೋ, ಗುಟ್ಟು ಅವನ ಜೊತೆಗೇ ಹೋಯ್ತು" ಅಂದದ್ದು ಹೊಂಬಾಳಮ್ಮನ ಕಿವಿಗೆ ಬಿತ್ತು.

"ಚೀಲ ನಂದು ಕಣಪ್ಪ," ಅಂದಳು. "ಏನ್ ಬೇಕು ನನ್ನ ಕೇಳು."

ರವಿಚಂದ್ರ ಏನೂ ಕೇಳಲಿಲ್ಲ. ಊರಿಗೆ ಹೋಗಿ, ಮೊಬೈಲಿನ ಗುಂಪಿಗೆ ತಾನು ಕಳಿಸಿದ್ದ ಆ ವಿಡಿಯೋವನ್ನು ತೆಗೆದುಹಾಕಲೂ ಇಲ್ಲ.

ಈ ವರ್ಷದ ಮಾರ್ಲಮಿಗೆ ತಾಯಿಯ ಎಡೆಯ ಪಕ್ಕದಲ್ಲಿ ತಮ್ಮನ ಎಡೆಯನ್ನೂ ಇಡಬೇಕಾಯಿತು. ಇಡಲು ಫೋಟೋ ಇರಲಿಲ್ಲ. ಎಷ್ಟು ಮದುವೆಗಳ ವಿಡಿಯೋದಲ್ಲಿ ಹುಡುಕಿದರೂ ಮಹದೇವು ಇಲ್ಲ. ಅವನು ಯಾವಾಗಲೂ ವೇದಿಕೆಯ ಹಿಂದೆ, ಆಂಪ್ಲಿಫೈಯರಿನ ಹತ್ತಿರ. ಗುರುತಿನ ಚೀಟಿಯ ಮಸಿ ಮುಖವನ್ನು ಹೊಂಬಾಳಮ್ಮ ಒಪ್ಪಲಿಲ್ಲ. ಎಲೆಯ ಮೇಲೆ ಬಡಿಸಿ ಮುಗಿಸಿ ಮಗಳು ನಯನಳನ್ನು ಕರೆದಳು.

"ನಿಮ್ಮಾವ ಚೀಲ ಹೊತ್ಕಂಡೋಗೋದು ಐತಲ್ಲ, ಅದನ್ನ ಹಾಕಿ ಅಲ್ಲಿಡವ್ವ."

"ಅದಾ? ಅದ್ರಲ್ಲಿ ಏನೇನೋ ಕೂಗ್ತಾರಲ್ಲಮ್ಮ."

"ಅವ್ರ ಬಾಯಿ ಮುಚ್ಚಿ ಹಾಕು."

ನಯನ ಸದ್ದು ಪೂರ್ತಿ ಇಳಿಸಿ ಮೊಬೈಲನ್ನು ಕಳಸಕ್ಕೆ ಒರಗಿಸಿ ಇಟ್ಟಳು. ಬಾಗಿಲು ಮುಂದಕ್ಕೆಳೆಯುವ ಮೊದಲು ಹೊಂಬಾಳಮ್ಮ ಒಂದು ಸಲ ಪೂರ್ತಿ ನೋಡಿದಳು. ಎಡಭುಜ ತಗ್ಗಿಸಿಕೊಂಡು, ನೀಲಿ ದಾರದ ತೇಪೆಯ ಚೀಲ ಹೊತ್ತು, ತಮ್ಮ ನಡೆದುಹೋದ. ಆಮೇಲೆ ಜಗುಲಿಗೆ ಬಂದು ಒಬ್ಬಳೇ ಕೂತಳು.