ಮುಂದಕ್ಕೆ ವಾಲಿದ ಕುರ್ಚಿ

ಅಣ್ಣ ಕೇಳಿದಾಗ ನಾನು ಅವನ ಕುರ್ಚಿ ತಂದುಕೊಡಲಿಲ್ಲ.

ಅವನು ಔರಾದ ಕಡೆಯ ಹಳ್ಳಿಯೊಂದರಲ್ಲಿ ಮಾಸ್ತರ. ಮೂರನೇ ಇಯತ್ತೆಗೆ ಸಾಲಿ ಬಿಟ್ಟ ನಾನು ಅವನ ಸಾಲಿಯಲ್ಲೇ ಜವಾನ. ಕಂಪವಾತದಿಂದ ಅವನ ಕೈಗಳು ನಡುಗುತ್ತಿದ್ದವು, ಕುಳಿತರೆ ಏಳಲಾಗುತ್ತಿರಲಿಲ್ಲ. ಅದಕ್ಕೆ ತಾನೇ ಕುರ್ಚಿಯ ಹಿಂದಿನ ಕಾಲುಗಳಿಗೆ ಕಟ್ಟಿಗೆಯ ತುಂಡು ಜಡಿದು ಮುಂದಕ್ಕೆ ವಾಲಿಸಿದ್ದ, ಹಿಡಿದು ಏಳಲು ಮುರಿದ ನೇಗಿಲಿನ ಹಿಡಿಕೆ ಕೂಡಿಸಿದ್ದ. "ಜರಾ ತಡೀರಿ, ಕುರ್ಚಿ ಎಬ್ಬಸ್ತದ" ಎಂದು ಹುಡುಗರಿಗೆ ಹೇಳುತ್ತಲೇ ಏಳುತ್ತಿದ್ದ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಹೊಸ ಸಾಹೇಬರು ತಪಾಸಣೆಗೆ ಬರುವವರಿದ್ದರು. ನಾನು ನಾಚಿಕೆಯಿಂದ ಆ ಕುರ್ಚಿ ಅಡಗಿಸಿ, ಗೌಡರ ಮನೆಯ ಬೆತ್ತದ ಕುರ್ಚಿ ತಂದಿಟ್ಟೆ.

"ನನ್ನ ಕುರ್ಚಿ ತಾರೋ" ಅಂದ ಅಣ್ಣ.

"ಇವತ್ತೊಂದಿನ ಇದರಾಗ ಕುಂದ್ರು. ಮಂದಿ ಏನಂದಾರು?"

ಸಾಹೇಬರು ಒಳಗೆ ಬಂದಾಗ ಹುಡುಗರೆಲ್ಲ ಎದ್ದರು. ಅಣ್ಣ ಮೂರು ಸಲ ಏಳಲು ಹೋಗಿ ಬೆತ್ತದೊಳಗೆ ಕುಸಿದ.

"ಏನ್ ಮೇಷ್ಟ್ರೇ, ಎದ್ದು ನಿಲ್ಲೋಕೂ ಆಗಲ್ವಾ?"

ನಾನು ಬಾಗಿಲಲ್ಲೇ ನಿಂತೆ, ಆಗಲೂ ಅವನ ಕುರ್ಚಿ ತರಲು ಹೋಗಲಿಲ್ಲ. ಸಾಹೇಬರು ಏನೋ ಬರೆದುಕೊಂಡರು. ತಿಂಗಳೊಳಗೆ ಅಣ್ಣನನ್ನು ಕೆಲಸದಿಂದ ತೆಗೆದರು. ನನ್ನ ಜವಾನನ ಕೆಲಸ ಉಳಿಯಿತು.

ಅವನು ಒಮ್ಮೆಯೂ ನನ್ನನ್ನು ಬೈಯಲಿಲ್ಲ. ಭಾಲ್ಕಿಯ ನಮ್ಮ ಮನೆಯಲ್ಲಿ ವರ್ಷಗಳ ಮೇಲೆ, ಅವನಿಗೆ ಉಣ್ಣಿಸುತ್ತ ಅಂದೆ: "ಅಣ್ಣಾ, ನಿನ್ನ ನೌಕರಿ ಕಳದಾಂವ ಸಾಹೇಬ ಅಲ್ಲ, ನಾನು. ತಪ್ಪಾತು."